ಬೀರುವಿನಲ್ಲಿ ಐಗ್ಲಾಸ್

ಮೊದಲ ನೋವು ಬಂದದ್ದು ಎಡಗಣ್ಣಿನ ಹಿಂದೆ. ಇದನ್ನು ಶುರುವಿಗೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಎಲ್ಲರೂ ಬೈದದ್ದು ನನ್ನ ಬಲಗಣ್ಣನ್ನು.

ನಾನು ಹರಪನಹಳ್ಳಿಯಲ್ಲಿ ವಾಚ್ ರಿಪೇರಿ ಮಾಡುವವನು. ಮೂವತ್ತೊಂದು ವರ್ಷದಿಂದ ಬಲಗಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ಕೂತಿದ್ದೇನೆ. ಐಗ್ಲಾಸ್ ಅಂದರೆ ಒಂದು ಪುಟ್ಟ ಕಪ್ಪು ಡಬ್ಬಿ, ಅದರ ತುದಿಗೆ ಭೂತಗನ್ನಡಿ. ಹುಬ್ಬು ಮತ್ತು ಕೆನ್ನೆಯ ನಡುವೆ ಅದನ್ನು ಒತ್ತಿ ಹಿಡಿದುಕೊಳ್ಳಬೇಕು. ಎಡಗಣ್ಣು ತೆರೆದೇ ಇರುತ್ತದೆ, ಆದರೆ ಅದಕ್ಕೇನೂ ಕೆಲಸವಿಲ್ಲ. ನನ್ನ ತಂದೆ, ಅಬ್ಬಾ, ಹಾಗೇ ಕಲಿಸಿದರು. ಈಗ ನಾನು ಹಾಕಿಕೊಳ್ಳುವುದು ಅಬ್ಬಾ ಬಿಟ್ಟುಹೋದ ಐಗ್ಲಾಸನ್ನೇ. ತಲೆನೋವು ಅನ್ನುವುದು ನನಗೆ ಗೊತ್ತಿರಲಿಲ್ಲ. ಬೇರೆಯವರು ತಲೆನೋವು ಅಂದರೆ ಒಳಗೊಳಗೇ ನಗುತ್ತಿದ್ದೆ, ಕೆಲಸ ತಪ್ಪಿಸಲು ನೆಪ ಅಂದುಕೊಂಡು.

ಅದೊಂದು ಶುಕ್ರವಾರ. ಬೆಳಿಗ್ಗೆ ನೋಡಿದರೆ ಫೋನು ಹೊಸ ವೇಷ ಹಾಕಿಕೊಂಡಿತ್ತು. ವಾರದಿಂದ ಅಪ್‌ಡೇಟ್ ಮಾಡಲೇ, ಮಾಡಲೇ ಎಂದು ಕೇಳುತ್ತಿತ್ತು. ಸಾಕಾಗಿ ಹಿಂದಿನ ದಿನ ‘ಸರಿ’ ಒತ್ತಿದ್ದೆ. ಅಕ್ಷರಗಳು ತೆಳ್ಳಗಾಗಿದ್ದವು. ಚಿತ್ರಗಳು ಜಾರಿ ಬಂದು ಜಾರಿ ಹೋಗುತ್ತಿದ್ದವು. ಬೆಳಕು ತಾನೇ ಏರಿ ತಾನೇ ಇಳಿಯುತ್ತಿತ್ತು. ಇರಲಿ ಬಿಡು, ಅಂದೆ.

ಫೋನಿನಲ್ಲಿ ವಾಚ್ ರಿಪೇರಿಯವರದು ನಮ್ಮದೊಂದು ಗ್ರೂಪ್ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ನಮ್ಮೂರು, ಇಷ್ಟೂ ಕಡೆ ಸೇರಿ ಉಳಿದವರು ಏಳೇ ಜನ. ಕೀಲಿ ಕೊಡುವ ಹಳೆಯ ವಾಚುಗಳಿಗೆ ಈಗ ಸಾಮಾನು ಸಿಗುವುದಿಲ್ಲ. ಯಾರಿಗೆ ಯಾವ ಭಾಗ ಬೇಕೋ ಅವರು ಫೋಟೋ ಹಾಕುತ್ತಾರೆ, ಇದ್ದವರು ಬಸ್ಸಿನಲ್ಲಿ ಬರುವ ಪರಿಚಯದವರ ಕೈಯಲ್ಲಿ ಕಳಿಸುತ್ತಾರೆ. ದಿನಾ ಸಂಜೆ ಅಂಗಡಿ ಮುಚ್ಚುವ ಮುಂಚೆ ಒಂದು ತಾಸು ನಾನು ಅದರಲ್ಲೇ ಮುಳುಗಿರುತ್ತೇನೆ.

ಆ ಸಂಜೆ ಫೋನು ಕೆಳಗಿಟ್ಟಾಗ ಎಡಗಣ್ಣಿನ ಹಿಂದೆ ಯಾರೋ ಬೆರಳಿಟ್ಟು ಒತ್ತಿದ ಹಾಗಾಯಿತು.

ಚಹಾ ಕುಡಿದೆ. ಹೋಗಲಿಲ್ಲ. ಮನೆಗೆ ಬಂದು ಬಾಮು ಹಚ್ಚಿಕೊಂಡೆ. ಬೆಳಿಗ್ಗೆ ಇರಲಿಲ್ಲ. ಸಂಜೆ ಮತ್ತೆ ಬಂತು. ಹತ್ತು ದಿನದಲ್ಲಿ ನೋವು ಎಡಗಣ್ಣಿನಿಂದ ಹಣೆಗೆ, ಹಣೆಯಿಂದ ಕತ್ತಿಗೆ ಇಳಿದಿತ್ತು. ಊಟದ ವಾಸನೆಗೇ ತಟ್ಟೆ ಸರಿಸಿಬಿಡುತ್ತಿದ್ದೆ. ಫೋನಿನ ಬೆಳಕು ಚುಚ್ಚುತ್ತದೆಂದು ಅದನ್ನು ಪೂರ್ತಿ ಕೆಳಗಿಳಿಸಿದೆ, ಇನ್ನು ಇಳಿಸಲಿಕ್ಕೇ ಬಾರದಷ್ಟು. ದೊಡ್ಡ ಜಾಣತನ ಮಾಡಿದೆ ಅಂದುಕೊಂಡೆ. ಈ ಜಾಣತನದ ಕಥೆ ಮುಂದೆ ಬರುತ್ತದೆ.

ಆಮೇಲೆ ಮೇಷ್ಟ್ರ ವಾಚು.

ತೆಲಿಗಿಯ ಕೊಟ್ರಪ್ಪ ಮೇಷ್ಟ್ರು ರಿಟೈರ್ ಆಗಿ ಎಷ್ಟೋ ವರ್ಷವಾಯಿತು. ಅವರ ಕೈಯಲ್ಲಿರುವುದು ಮೊದಲ ಸಂಬಳದ ಕಾಲದ ವಾಚು. ಅದನ್ನು ನೋಡಿಯೇ ಶಾಲೆಯ ಗಂಟೆ ಹೊಡೆಸುತ್ತಿದ್ದರು. ವರ್ಷಕ್ಕೊಮ್ಮೆ ಸರ್ವಿಸ್‌ಗೆ ತರುತ್ತಾರೆ. ಮೊದಲು ಅಬ್ಬಾ ಮಾಡುತ್ತಿದ್ದರು, ಈಗ ನಾನು. ಆ ದಿನ ಬೆಳಗಿನಿಂದಲೇ ತಲೆ ಸಿಡಿಯುತ್ತಿತ್ತು. ಆದರೂ ಬಿಚ್ಚಿದೆ. ಒಳಗೆ ಬ್ಯಾಲೆನ್ಸ್ ಅಂತ ಒಂದು ಸಣ್ಣ ಗಾಲಿ ಇರುತ್ತದೆ, ಆ ಕಡೆ ಈ ಕಡೆ ತೂಗಾಡುತ್ತದೆ. ವಾಚಿನ ಜೀವವೇ ಅದು. ಅದಕ್ಕೆ ಸುತ್ತಿಕೊಂಡಿರುವ ಹೇರ್‌ಸ್ಪ್ರಿಂಗ್ ಕೂದಲಿಗಿಂತ ತೆಳು. ಚಿಮಟದಲ್ಲಿ ಅದನ್ನು ಎತ್ತುವಾಗ ಕಣ್ಣಿನ ಹಿಂದೆ ನೋವು ಚುಳ್ಳೆಂದಿತು. ಕೈ ಅಲುಗಿತು.

ಸ್ಪ್ರಿಂಗ್ ಎಳೆದುಕೊಂಡು ಹೋಯಿತು. ಸುರುಳಿ ಸುರುಳಿಯಾಗಿದ್ದದ್ದು ಸೊಟ್ಟ ತಂತಿಯಾಯಿತು.

ಮೂವತ್ತೊಂದು ವರ್ಷದಲ್ಲಿ ಗಿರಾಕಿಯ ವಾಚಿನಲ್ಲಿ ನಾನು ಹೀಗೆ ಮಾಡಿದ್ದಿಲ್ಲ. ಅವತ್ತು ಅಂಗಡಿಯಲ್ಲಿ ಕೂತು ಅತ್ತೆ. ಹೇಳಲು ನಾಚಿಕೆಯೇನೂ ಇಲ್ಲ.

ಮೇಷ್ಟ್ರಿಗೆ ನಿಜ ಹೇಳಿದೆ. ಅವರು ಬಿಚ್ಚಿದ ವಾಚನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. “ಖಾದರ್ ಸಾಬ್ರ, ಮೊದ್ಲು ಕಣ್ಣು ತೋರಿಸ್ಕೊಳ್ರಿ. ವಾಚು ಇಲ್ಲೇ ಇರ್ಲಿ. ಬೇರೇರ ಕೈಯಾಗ ನಾನು ಕೊಡಂಗಿಲ್ಲ,” ಅಂದರು. ಬೈದಿದ್ದರೆ ಹಗುರ ಅನಿಸುತ್ತಿತ್ತು.

ಡಾಕ್ಟರ ಹತ್ತಿರ ಹೋದೆವು. ಹೋದೆವು ಅಂದರೆ ನಾನು ಮತ್ತು ನನ್ನ ಹೆಂಡತಿ ನೂರ್‌ಜಾನ್. ಮನೆಯಲ್ಲಿ ನಮ್ಮ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಜಗಳ ಮಾತ್ರ ಪೂರ್ತಿ ಕನ್ನಡದಲ್ಲೇ. ಅವಳು ಮೊದಲು ಬಿ.ಪಿ. ನೋಡಿಸಿದಳು, ಸರಿಯಿತ್ತು. ಶುಗರ್ ನೋಡಿಸಿದಳು, ಗೆರೆಯ ಮೇಲೆ ನಿಂತಿತ್ತು. ಆಮೇಲೆ ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಅವರು ಒಳ್ಳೆಯವರು, ವಯಸ್ಸಿನಲ್ಲಿ ನಮ್ಮ ಮಗಳಷ್ಟೇ. ಕಣ್ಣಿಗೆ ಡ್ರಾಪ್ಸ್ ಹಾಕಿ, ಪ್ರೆಶರ್ ನೋಡಿ, ರೆಟಿನಾ ನೋಡಿ, ಅಕ್ಷರ ಓದಿಸಿದರು. ಕಣ್ಣು ಒಣಗಿದೆ, ಹತ್ತಿರದ್ದಕ್ಕೆ ಕನ್ನಡಕ ಬೇಕು, ಉಳಿದದ್ದು ಚೆನ್ನಾಗಿದೆ ಅಂದರು. ನಂತರ ಕೆಲಸ ಏನೆಂದು ಕೇಳಿದರು.

ವಾಚ್ ರಿಪೇರಿ ಅಂದೆ. ಐಗ್ಲಾಸ್ ಅಂದೆ. ಅವರ ಪೆನ್ನು ನಿಂತಿತು.

ಒಂದೇ ಕಣ್ಣಿನಲ್ಲಿ ಇಷ್ಟು ವರ್ಷ ಅಷ್ಟು ಹತ್ತಿರದ ಕೆಲಸ ಮಾಡಿದರೆ ಇನ್ನೇನಾಗುತ್ತದೆ, ಅಂದರು. ನೋವಿರುವುದು ಎಡಗಡೆ, ಐಗ್ಲಾಸ್ ಹಾಕುವುದು ಬಲಗಡೆ ಎಂದು ನಾನು ವಾದ ಮಾಡಿದೆ. ಎರಡೂ ಕಣ್ಣು ಜೋಡಿಯಾಗಿ ಕೆಲಸ ಮಾಡುತ್ತವೆ, ಒಂದರ ಸುಸ್ತು ಇನ್ನೊಂದಕ್ಕೆ ತಟ್ಟಬಹುದು ಅಂದರು. ಎರಡು ತಿಂಗಳು ಆ ಕೆಲಸ ನಿಲ್ಲಿಸಿ ನೋಡೋಣ, ಕಡಿಮೆಯಾಗದಿದ್ದರೆ ದಾವಣಗೆರೆಗೆ ಹೋಗಿ ಸ್ಕ್ಯಾನ್ ಮಾಡಿಸಿ ಅಂದರು. ಈ ವಯಸ್ಸಿನಲ್ಲಿ ಕೆಲಸ ಬಿಡುವ ವಿಚಾರವನ್ನೂ ಮಾಡಬೇಕಾಗಬಹುದು ಎಂದು ಮೆಲ್ಲಗೆ ಸೇರಿಸಿದರು. ಫೋನಿನ ವಿಚಾರ ಅವರು ಕೇಳಿದರು. ನಾನು ಗತ್ತಿನಿಂದ, “ನಂದು ಬೆಳಕು ಪೂರಾ ಕಡಿಮಿ ಇಟ್ಟೀನಿ ಮೇಡಂ,” ಅಂದೆ. ಒಳ್ಳೆಯದು ಅಂದರು.

ಮನೆಗೆ ಬಂದವಳೇ ನೂರ್‌ಜಾನ್ ಕೈ ಚಾಚಿದಳು. “ಕೊಡ್ರಿ.”

ಕೊಟ್ಟೆ. ಅವಳು ಅಬ್ಬಾನ ಐಗ್ಲಾಸನ್ನು ಕರವಸ್ತ್ರದಲ್ಲಿ ಸುತ್ತಿ ಬೀರುವಿನೊಳಗೆ, ತನ್ನ ಮದುವೆಯ ಸೀರೆಯ ಪಕ್ಕದಲ್ಲಿಟ್ಟು ಕೀಲಿ ಹಾಕಿದಳು. ಬೀಗದ ಕೈ ಸೊಂಟಕ್ಕೆ ಹೋಯಿತು. ಸೊಂಟಕ್ಕೆ ಹೋದ ಬೀಗದ ಕೈ ನಮ್ಮ ಮನೆಯಲ್ಲಿ ಸುಮ್ಮನೆ ಹೊರಗೆ ಬರುವುದಿಲ್ಲ.

ಅಂಗಡಿಗೆ ಹೋಗಿ ಏನು ಮಾಡಲಿ? ಸೆಲ್ ಹಾಕುವುದು, ಬೆಲ್ಟ್ ಹಾಕುವುದು. ಅದಕ್ಕೆ ಐಗ್ಲಾಸ್ ಬೇಡ. ನಾಲ್ಕು ದಿನ ಅದನ್ನೇ ಮಾಡಿದೆ. ಮೇಷ್ಟ್ರ ವಾಚು ಡಬ್ಬಿಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಅದರ ಮುಂದೆ ಕೂರಲಾಗದೆ ಐದನೇ ದಿನ ಬಾಗಿಲು ಹಾಕಿದೆ. ವಾಚ್ ರಿಪೇರಿ ಬಿಟ್ಟರೆ ನಾನು ಏನು? ಯಾರೂ ಕೇಳಲಿಲ್ಲ, ನಾನೇ ಕೇಳಿಕೊಂಡೆ. ಹೆದರಿಕೆಯಾಯಿತು.

ಮನೆಯಲ್ಲಿ ಕೂತವನಿಗೆ ಫೋನೇ ಗತಿ. ಬೆಳಿಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ. ಕೊಟ್ಟೂರಿನ ಗೆಳೆಯನಿಗೆ ಮೇಷ್ಟ್ರ ವಾಚಿನ ಹೇರ್‌ಸ್ಪ್ರಿಂಗ್ ಹುಡುಕಲು ಹಚ್ಚಿದೆ. ತಲೆನೋವು ಮೂರು ಪಟ್ಟಾಯಿತು. ವಾಂತಿಯೂ ಆಯಿತು. ಕಿಟಕಿಗೆ ಚಾದರ ಹಾಕಿಕೊಂಡು ಮಲಗುವ ಸ್ಥಿತಿಗೆ ಬಂದೆ. ನೂರ್‌ಜಾನ್ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ, ಮೂವತ್ತು ವರ್ಷದ ಸುಸ್ತು ಹೊರಗೆ ಬರುತ್ತಿದೆ ಅಂದಳು.

ಒಂಬತ್ತನೆಯ ದಿನ ಹಾಗೆ ಮಲಗಿದ್ದಾಗ ನನಗೆ ಸಿಟ್ಟು ಬಂತು. ಒಳ್ಳೆಯ ಸಿಟ್ಟು. ಇದುವರೆಗೆ ನಾನು ರೋಗಿಯ ಹಾಗೆ ಯೋಚಿಸುತ್ತಿದ್ದೆ, ರಿಪೇರಿಯವನ ಹಾಗಲ್ಲ. ವಾಚು ನಿಲ್ಲುತ್ತಿದೆ, ಒಂದು ಭಾಗದ ಮೇಲೆ ಅನುಮಾನ, ಆ ಭಾಗ ಹೊರಗೆ ತೆಗೆದೆ, ಆದರೂ ದೋಷ ಹೆಚ್ಚಿತು. ಹಾಗಾದರೆ ದೋಷ ಆ ಭಾಗದ್ದಲ್ಲ. ಇದನ್ನು ಅಂಗಡಿಗೆ ಬರುವ ಯಾವ ಗಿರಾಕಿಗೂ ನಾನು ಒಂದೇ ಮಾತಲ್ಲಿ ಹೇಳಿಬಿಡುತ್ತಿದ್ದೆ. ಐಗ್ಲಾಸ್ ಬೀರುವಿನಲ್ಲಿದೆ, ನೋವು ನನ್ನ ತಲೆಯಲ್ಲೇ ಇದೆ.

ಎದ್ದು ಕೂತು ನೂರ್‌ಜಾನ್‌ಗೆ ಹೇಳಿದೆ. ಅವಳು, “ಡಾಕ್ಟರ್ ಓದ್ಯಾರ, ನೀವು ಓದೀರೇನು?” ಅಂದಳು. ಬೀಗದ ಕೈ ಅಲ್ಲಾಡಲಿಲ್ಲ.

ಸರಿ, ಟ್ರಯಲ್ ಮಾಡೋಣ ಅಂದೆ. ನಮ್ಮ ಕಸುಬಿನಲ್ಲಿ ರಿಪೇರಿ ಮಾಡಿದ ವಾಚನ್ನು ಹಾಗೇ ಕೊಡುವುದಿಲ್ಲ. ಒಂದು ದಿನ ಮುಖ ಮೇಲೆ ಮಾಡಿ ಇಡುತ್ತೇವೆ, ಒಂದು ದಿನ ಮುಖ ಕೆಳಗೆ, ಒಂದು ದಿನ ನಿಲ್ಲಿಸಿ. ಯಾವ ಭಂಗಿಯಲ್ಲಿ ಹಿಂದೆ ಬೀಳುತ್ತದೆ ಎಂದು ಚೀಟಿಯಲ್ಲಿ ಬರೆಯುತ್ತೇವೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡು ಬದಲಾಯಿಸಿದರೆ ಏನೂ ಗೊತ್ತಾಗುವುದಿಲ್ಲ. ನಾನೇ ಈಗ ವಾಚು. ಚೀಟಿ ಬರೆಯುವವಳು ಅವಳು.

ಮೊದಲ ಎರಡು ದಿನ ಫೋನು ಪೂರ್ತಿ ಬಂದ್. ಕಡ್ಡಾಯವಾಗಿ. ಮೊದಲ ದಿನ ಕತ್ತು ನೋಯಿತು, ಎರಡನೆಯ ದಿನ ಅದೂ ಇಲ್ಲ. ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಅವಳು ಚೀಟಿಯಲ್ಲಿ ಬರೆದಳು, ಆದರೆ ಒಪ್ಪಲಿಲ್ಲ. ಡ್ರಾಪ್ಸ್ ಹಿಡಿದಿರಬೇಕು ಅಂದಳು.

ಮೂರನೆಯ ದಿನ ಅವಳ ಫೋನನ್ನು ಕೇಳಿ ಇಸಿದುಕೊಂಡೆ. ಎರಡೂ ಫೋನು ಒಂದೇ ಕಂಪನಿ, ಒಂದೇ ಜಾತಿ, ಒಂದೇ ದಿನ ಕೊಂಡದ್ದು. ವ್ಯತ್ಯಾಸ ಒಂದೇ. ಫೋನು ಏನು ಕೇಳಿದರೂ ‘ಬೇಡ’ ಒತ್ತುವವಳು ಅವಳು. ಅವಳದಕ್ಕೆ ಅಪ್‌ಡೇಟ್ ಆಗಿರಲಿಲ್ಲ. ಬೆಳಕನ್ನು ನನ್ನದರಷ್ಟೇ ಕೆಳಗಿಳಿಸಿ, ಅದೇ ಕುರ್ಚಿಯಲ್ಲಿ, ಅದೇ ಹೊತ್ತಿಗೆ ಒಂದು ತಾಸು ನೋಡಿದೆ. ಏನೂ ಆಗಲಿಲ್ಲ.

ನಾಲ್ಕನೆಯ ದಿನ ನನ್ನ ಫೋನು. ಇಪ್ಪತ್ತು ನಿಮಿಷ ದಾಟಿತ್ತು ಅಷ್ಟೇ.

ಎಡಗಣ್ಣಿನ ಹಿಂದೆ ಅದೇ ಬೆರಳು.

ನೋವಿನಲ್ಲಿ ಯಾರಾದರೂ ನಗುತ್ತಾರೆಯೇ? ನಾನು ನಕ್ಕೆ. ನೂರ್‌ಜಾನ್ ಹೆದರಿ ಓಡಿ ಬಂದಳು. ಸಿಕ್ಕಿತು ಅಂದೆ. ಅವಳು ಚೀಟಿ ನೋಡಿದಳು, ನನ್ನ ಮುಖ ನೋಡಿದಳು. ಆದರೂ ಒಂದು ಪ್ರಶ್ನೆ ಕೇಳಿದಳು, ಸರಿಯಾದ ಪ್ರಶ್ನೆ. ಎರಡೂ ಫೋನು ನೋಡಲಿಕ್ಕೆ ಒಂದೇ ಥರ ಬೆಳಗುತ್ತಿವೆ, ಹಾಗಾದರೆ ನಿಮ್ಮದರಲ್ಲಿ ಏನಿದೆ?

ಇದಕ್ಕೆ ಉತ್ತರ ಕೊಟ್ಟವರು ಅಬ್ಬಾ. ತೀರಿಕೊಂಡು ಹದಿನಾಲ್ಕು ವರ್ಷವಾಗಿದೆ, ಆದರೂ ಅವರೇ.

ನಾನು ಕೆಲಸ ಕಲಿಯುವಾಗ ಅಬ್ಬಾ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಹಾಕಲು ಬಿಡಲಿಲ್ಲ. ಅಕ್ಕಪಕ್ಕದ ಅಂಗಡಿಯವರೆಲ್ಲ ಟ್ಯೂಬ್‌ಲೈಟ್ ಹಾಕಿಕೊಂಡು ಬೆಳ್ಳಗೆ ಹೊಳೆಯುವಾಗ ನಮ್ಮದು ಮಾತ್ರ ಹಳದಿ ಬಲ್ಬು. ನನಗೆ ಅವಮಾನ. ಒಂದು ದಿನ ಅವರು ನಡೆಯುತ್ತಿದ್ದ ಒಂದು ವಾಚನ್ನು ಪಕ್ಕದ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತೋರಿಸಿದರು. ಜೋರಾಗಿ ತೂಗುತ್ತಿದ್ದ ಬ್ಯಾಲೆನ್ಸ್ ತಡೆದು ತಡೆದು ಹೋಗುವ ಹಾಗೆ, ನಡುವೆ ನಿಂತೇಬಿಟ್ಟ ಹಾಗೆ ಕಂಡಿತು. “ಈ ಲೈಟು ಹತ್ತಿ ಆರಿ, ಹತ್ತಿ ಆರಿ ಮಾಡ್ತೈತಿ. ಕಣ್ಣಿಗೆ ಗೊತ್ತಾಗಂಗಿಲ್ಲ, ತಲಿಗೆ ಗೊತ್ತಾಕ್ಕೈತಿ,” ಅಂದಿದ್ದರು. ಇಷ್ಟು ವರ್ಷ ಬಲ್ಬಿನ ಕೆಳಗೇ ಕೆಲಸ ಮಾಡಿದೆ, ಯಾಕೆಂಬುದನ್ನು ಮರೆತೇಬಿಟ್ಟಿದ್ದೆ.

ಕಿಟಕಿಗೆ ಚಾದರ ಎಳೆದೆ. ಎರಡೂ ಫೋನಿನಲ್ಲಿ ಬಿಳಿ ಪರದೆ ಬರುವ ಹಾಗೆ ಮಾಡಿ ಪಕ್ಕಪಕ್ಕ ನಿಲ್ಲಿಸಿದೆ. ನನ್ನ ಚಿಮಟವನ್ನು ಅವಳ ಫೋನಿನ ಮುಂದೆ ಜೋರಾಗಿ ಬೀಸಣಿಗೆಯಂತೆ ಆಡಿಸಿದೆ. ಚಿಮಟ ಕಲಸಿಹೋಗಿ ಒಂದು ಮಸುಕು ಕಂಡಿತು. ಕಾಣಬೇಕಾದದ್ದೇ ಹಾಗೆ. ಆಮೇಲೆ ನನ್ನ ಫೋನಿನ ಮುಂದೆ ಆಡಿಸಿದೆ.

ಒಂದು ಚಿಮಟ ಹತ್ತು ಚಿಮಟವಾಯಿತು. ಬಾಚಣಿಗೆಯ ಹಲ್ಲಿನ ಹಾಗೆ, ಒಂದರ ಪಕ್ಕ ಒಂದು, ಬಿಡಿಬಿಡಿ.

ನೂರ್‌ಜಾನ್ ನನ್ನ ಕೈಯಿಂದ ಚಿಮಟ ಕಸಿದುಕೊಂಡು ತಾನೇ ಆಡಿಸಿದಳು. ಮತ್ತೆ ಆಡಿಸಿದಳು. ನಾನು ನನ್ನ ಫೋನಿನ ಬೆಳಕನ್ನು ಮೆಲ್ಲಗೆ ಏರಿಸುತ್ತಾ ಹೋದೆ. ಏರಿಸಿದ ಹಾಗೆ ಹಲ್ಲುಗಳು ಹತ್ತಿರವಾಗಿ, ಕೊನೆಗೆ ಕಲಸಿಹೋದವು. ಇಳಿಸಿದಾಗ ಮತ್ತೆ ಬಿಡಿಯಾದವು. ನನ್ನ ಜಾಣತನದ ಕಥೆ ಇಷ್ಟೇ. ಅಪ್‌ಡೇಟ್ ಆದ ಮೇಲೆ ನನ್ನ ಫೋನು ಬೆಳಕು ಕಡಿಮೆ ಮಾಡುವ ರೀತಿಯೇ ಬದಲಾಗಿತ್ತು; ಹತ್ತಿ ಆರಿ, ಹತ್ತಿ ಆರಿ ಮಾಡುತ್ತಿತ್ತು. ನೋವು ಬಂತೆಂದು ನಾನು ಬೆಳಕು ಇಳಿಸಿದೆ. ಇಳಿಸಿದಷ್ಟೂ ನೋವು ಏರಿತು. ನೋವು ಏರಿತೆಂದು ಇನ್ನೂ ಇಳಿಸಿದೆ. ಟ್ಯೂಬ್‌ಲೈಟ್ ಕಂಡರಾಗದ ವಾಚ್‌ನವನ ಮಗ ಅಂಗೈಯಲ್ಲಿ ಟ್ಯೂಬ್‌ಲೈಟ್ ಹಿಡಿದುಕೊಂಡು, ಅದನ್ನು ಒಂದು ಗೇಣು ದೂರದಲ್ಲಿಟ್ಟು ವಾರಗಟ್ಟಲೆ ನೋಡಿದ್ದ. ವಾಚು ಹಿಡಿದು ಅಭ್ಯಾಸವಾದ ಕೈ, ಫೋನನ್ನೂ ಅಷ್ಟು ಹತ್ತಿರವೇ ಹಿಡಿಯುತ್ತದೆ.

ಎರಡೂ ಫೋನು, ಚಿಮಟ, ಚೀಟಿ ತೆಗೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದೆವು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಚೀಟಿಯನ್ನು ಪೂರ್ತಿ ಓದಿದರು. ಕೋಣೆಯ ಲೈಟ್ ಆರಿಸಿ ತಮ್ಮ ಪೆನ್ನು ಆಡಿಸಿ ನೋಡಿದರು. ಲೈಟ್ ಮತ್ತೆ ಹಾಕಿ, “ಫೋನಲ್ಲಿ ಏನಾದ್ರೂ ಬದಲಾಯ್ತಾ ಅಂತ ನಾನು ಕೇಳಬೇಕಿತ್ತು, ಕೇಳಲಿಲ್ಲ,” ಅಂದರು. ಹೀಗೆ ಮಿನುಗುವ ಬೆಳಕು ಕೆಲವರಿಗೆ ಆಗುವುದಿಲ್ಲ, ಕೆಲವರಿಗೆ ಏನೂ ಆಗುವುದಿಲ್ಲ ಅಂದರು. ಎಲ್ಲ ನೋವೂ ಅದರಿಂದಲೇ ಎಂದು ಹೇಳಲು ಮಾತ್ರ ಅವರು ಒಪ್ಪಲಿಲ್ಲ. ಕಣ್ಣು ಒಣಗಿರುವುದು ನಿಜ, ಫೋನು ನೋಡುವಾಗ ನೀವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೀರಿ, ಕನ್ನಡಕ ಬೇಕೇ ಬೇಕು ಅಂದರು. ಅದು ನ್ಯಾಯ. ಒಪ್ಪಿಕೊಂಡೆ. ಸ್ಕ್ಯಾನ್ ಸದ್ಯಕ್ಕೆ ಬೇಡ, ನೋವು ಮತ್ತೆ ಹೆಚ್ಚಾದರೆ ಮುಚ್ಚಿಡದೆ ಬನ್ನಿ ಅಂದರು. ಐಗ್ಲಾಸ್? ತಾಸಿಗೊಮ್ಮೆ ಎದ್ದು ದೂರ ನೋಡುವುದಾದರೆ ತಮ್ಮ ಅಡ್ಡಿಯಿಲ್ಲ ಅಂದರು.

ಫೋನಿನ ಅಂಗಡಿಗೂ ಹೋಗಿ ಬಂದೆ, ಹಳೆಯದಕ್ಕೆ ವಾಪಸ್ ತಿರುಗಿಸಿ ಕೊಡಿ ಎಂದು ಕೇಳಲು. ಆಗುವುದಿಲ್ಲವಂತೆ. ಹಿಂದಕ್ಕೆ ತಿರುಗದ ಮುಳ್ಳನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಮನೆಯಲ್ಲಿ ನೂರ್‌ಜಾನ್ ತನ್ನ ಫೋನನ್ನು ನನ್ನ ಮುಂದಿಟ್ಟು ನನ್ನದನ್ನು ತಾನು ತೆಗೆದುಕೊಂಡಳು. ನಾಲ್ಕು ದಿನ ಅವಳ ಮುಖವನ್ನೇ ನೋಡುತ್ತಿದ್ದೆ, ನೋವು ಬಂತೇ ಎಂದು. ಅವಳಿಗೆ ಏನೂ ಆಗಲಿಲ್ಲ. ತನ್ನ ತಲೆ ಗಟ್ಟಿ ಅಂದಳು. ಅದರಲ್ಲಿ ನನಗೆ ಯಾವತ್ತೂ ಅನುಮಾನ ಇರಲಿಲ್ಲ.

ಬೀಗದ ಕೈ ಇನ್ನೂ ಸೊಂಟದಲ್ಲೇ ಇತ್ತು. ಡಾಕ್ಟರು ಒಪ್ಪಿದರಲ್ಲ ಅಂದೆ. ಅವಳು ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು.

ಐದನೆಯ ದಿನ ಬೆಳಿಗ್ಗೆ, ಚಹಾ ಆದ ಮೇಲೆ, ಬೀರು ತೆಗೆದ ಸದ್ದಾಯಿತು. ಅವಳು ಕರವಸ್ತ್ರದ ಗಂಟು ತಂದು ನನ್ನ ಮುಂದೆ ಇಟ್ಟಳು. ಬಿಚ್ಚಿದೆ. ಐಗ್ಲಾಸ್ ಇತ್ತು. ಪಕ್ಕದಲ್ಲಿ ಅವಳ ಮದುವೆಯ ವಾಚೂ ಇತ್ತು.

ಚಿನ್ನದ ಬಣ್ಣದ ಸಣ್ಣ ವಾಚು. ನಿಂತು ಎಷ್ಟು ವರ್ಷವಾಗಿತ್ತೋ. ಊರಿನವರ ವಾಚೆಲ್ಲ ನಡೆಸಿದವನು ನಾನು. ಇದನ್ನು ನಾಳೆ ಮಾಡುತ್ತೇನೆ, ನಾಳೆ ಮಾಡುತ್ತೇನೆ ಎಂದು ದೂಡುತ್ತಾ ಬಂದಿದ್ದೆ. ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಳು.

“ಮೇಷ್ಟ್ರ ವಾಚು ಆಮ್ಯಾಲೆ ಮಾಡ್ರಿ. ಮೊದ್ಲು ಇದು. ಕೆಟ್ರೆ ನಂದು ಕೆಡ್ಲಿ,” ಅಂದಳು.

ಅಂಗಡಿಗೆ ಹೋಗಲಿಲ್ಲ, ಅವಳ ಎದುರಿಗೇ, ಕಿಟಕಿಯ ಬೆಳಕಿನಲ್ಲಿ, ಮಣೆಯ ಮೇಲೆ ಬಿಳಿ ಬಟ್ಟೆ ಹಾಸಿ ಕೂತೆ. ಐಗ್ಲಾಸ್ ಕಣ್ಣಿಗೆ ಹೋಯಿತು. ಕೈ ನಡುಗುತ್ತದೆ ಅಂದುಕೊಂಡಿದ್ದೆ, ನಡುಗಲಿಲ್ಲ. ಒಳಗೆ ಎಣ್ಣೆ ಅಂಟಾಗಿ ಒಣಗಿತ್ತು, ಅಷ್ಟೇ ಅದರ ರೋಗ. ತೊಳೆದೆ. ತಾಸಿಗೊಮ್ಮೆ ಅವಳು ಎಬ್ಬಿಸಿದಳು, ಎದ್ದು ಎದುರಿನ ಬೇವಿನ ಮರ ನೋಡಿ ಬಂದೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಲೆನ್ಸ್ ತೂಗಿತು. ಸಂಜೆಯವರೆಗೆ ಅವಳು ಅಡುಗೆಮನೆಯಿಂದ ನಾಲ್ಕು ಸಲ ಬಂದು ತಲೆ ಹೇಗಿದೆ ಎಂದು ಕೇಳಿದಳು. ನಾಲ್ಕು ಸಲವೂ ಇಲ್ಲ, ನೋವಿಲ್ಲ ಅಂದೆ. ನಿಜವನ್ನೇ ಹೇಳಿದೆ.

ಕೊಟ್ಟೂರಿನಿಂದ ಹೇರ್‌ಸ್ಪ್ರಿಂಗ್ ಬಂತು. ಮೇಷ್ಟ್ರ ವಾಚನ್ನು ಏಳು ದಿನ ಟ್ರಯಲ್ ಇಟ್ಟು ಕೊಟ್ಟೆ. ಅವರು ಕಿವಿಗೆ ಹಿಡಿದು ಕೇಳಿ ಕೈಗೆ ಕಟ್ಟಿಕೊಂಡು ತೆಲಿಗಿ ಬಸ್ಸು ಹತ್ತಿದರು.

ಪೂರ್ತಿ ವಾಸಿಯಾಯಿತು ಎಂದು ಹೇಳುವುದಿಲ್ಲ. ವಾರಕ್ಕೊಮ್ಮೆ ಆ ಬೆರಳು ಬಂದು ಮೆಲ್ಲಗೆ ಮುಟ್ಟಿ ಹೋಗುತ್ತದೆ, ಹೆಚ್ಚಾಗಿ ಬ್ಯಾಂಕಿನಲ್ಲೋ ಬಸ್ಸಿನಲ್ಲೋ ಮಿನುಗುವ ಬೋರ್ಡಿನ ಮುಂದೆ ನಿಂತಾಗ. ಈಗಿರುವ ಫೋನೂ ದಿನಾ ಕೇಳುತ್ತದೆ, ಅಪ್‌ಡೇಟ್ ಮಾಡಲೇ ಎಂದು. ಮಾಡದಿದ್ದರೆ ಮುಂದೆ ತೊಂದರೆ ಎಂದು ಅಂಗಡಿಯವರು ಎಚ್ಚರಿಸಿದ್ದಾರೆ. ಮಾಡುವ ದಿನ ಚಿಮಟ ಕೈಯಲ್ಲಿ ಹಿಡಿದುಕೊಂಡೇ ಮಾಡುತ್ತೇನೆ. ದಿನಾ ಡ್ರಾಪ್ಸ್ ಹಾಕಿಕೊಳ್ಳುತ್ತೇನೆ, ಫೋನು ನೋಡಲು ಕನ್ನಡಕ ಇದೆ, ಬೆಳಕು ಏರಿಸಿಯೇ ಇಡುತ್ತೇನೆ, ಕೈ ನೀಡಿ ದೂರ ಹಿಡಿಯುತ್ತೇನೆ. ತಲೆನೋವು ಎನ್ನುವವರನ್ನು ಕಂಡು ನಗುವುದಿಲ್ಲ. ಕೂತುಕೊಳ್ಳಿ ಎಂದು ಸ್ಟೂಲ್ ಕೊಡುತ್ತೇನೆ.

ಗ್ರೂಪ್ ನೋಡುವುದು ಈಗ ಮನೆಯಲ್ಲೇ, ಸಂಜೆ ಚಹಾದ ಹೊತ್ತಿಗೆ, ನೂರ್‌ಜಾನ್ ಎದುರಿಗೆ. ಅವಳ ಕೈಯಲ್ಲಿ ಆ ಸಣ್ಣ ವಾಚು ಇರುತ್ತದೆ. ನಾನು ಫೋನು ಎತ್ತಿದ ಕೂಡಲೇ ಅವಳು ಮುಳ್ಳು ನೋಡಿಕೊಳ್ಳುತ್ತಾಳೆ, ಹತ್ತು ನಿಮಿಷಕ್ಕೆ ಇಡಿಸುತ್ತಾಳೆ. ಒಮ್ಮೆ ಕೂಡ್ಲಿಗಿಯವರು ಹಾಕಿದ ಒಂದು ಅಪರೂಪದ ವಾಚಿನ ಫೋಟೋ ನೋಡುತ್ತಿದ್ದಾಗ, ಹೊತ್ತಾಯಿತು ಅಂದಳು. ನಿನ್ನ ವಾಚು ಮುಂದೆ ಹೋಗುತ್ತಿರಬೇಕು, ಇನ್ನೂ ಎಂಟು ನಿಮಿಷವೂ ಆಗಿಲ್ಲ ಅಂದೆ.

“ನೀವು ಮಾಡಿದ್ ವಾಚು. ಮುಂದ್ ಹೋಗಂಗಿಲ್ಲ. ಹತ್ತು ನಿಮಿಷ ಆತು, ಇಡ್ರಿ,” ಅಂದಳು.

ಇಟ್ಟೆ.